ಬೆನ್ನ ಹಿಂದಿನ ಕೋವಿ

ತವೆಂಗ್ವನಿಗೆ ಭಯವಿದ್ದದ್ದು ಒಂದೇ ಒಂದು ಕೋವಿಯದು. ಅದು ಮದ್ದುಗುಂಡಿನ ಕೋಣೆಯ ಗೋಡೆಗೊರಗಿ, ಉಳಿದೆರಡು ಕೋವಿಗಳ ನಡುವೆ, ಎಣ್ಣೆಬಟ್ಟೆ ಹೊದ್ದು ನಿಂತಿತ್ತು. ಒಳಗೆ ಕಾಲಿಡುವ ಮೊದಲೇ ಅವನ ಕಣ್ಣು ಅಲ್ಲಿಗೆ ಹೋಯಿತು, ಹೋದದ್ದೇ ತಪ್ಪಾಯಿತೆಂಬಂತೆ ವಾಪಸು ಬಂತು. ಟೋಪಿ ತೆಗೆದು ಹಣೆ ಒರೆಸಿಕೊಂಡ. ದಾಂದೆ ಕಣಿವೆಯ ಸೆಕೆಯಲ್ಲಿ ಬೆವರದವರು ಯಾರೂ ಇಲ್ಲವಾದ್ದರಿಂದ ಅದಕ್ಕೆ ಬೇರೆ ಅರ್ಥ ಕಲ್ಪಿಸುವ ಹಾಗಿರಲಿಲ್ಲ. ಆದರೆ ಬೀಗದ ಗೊಂಚಲು ಹಿಡಿದು ಸ್ಟೂಲಿನ ಮೇಲೆ ಕುಳಿತಿದ್ದ ಮುದುಕ ಗ್ವಾತಿಜೊ ಕಲ್ಪಿಸಿಕೊಂಡೇಬಿಟ್ಟ. ಊರಿಗೆಲ್ಲ ಸೆಕುರು, ಅಂದರೆ ಅಜ್ಜ, ಆಗಿದ್ದವನಿಗೆ ಅಷ್ಟು ಅಧಿಕಾರವೂ ಇತ್ತು.

"ಒಳಗೆ ಬಾರಯ್ಯ ಶುಂಬ," ಎಂದ ಮುದುಕ. "ಸಿಂಹದ ಕುಲದೋನು ಹೊಸ್ತಿಲಲ್ಲಿ ಹಿಂಗೆ ನಿಂತ್ರೆ ಹೊರಗಿನ ಮೇಕೆಗಳು ನಗ್ತವೆ."

ಆ ಕಡೆ ಮರ್ಯಾದೆ ಕೊಟ್ಟು ಮಾತಾಡುವವರು ಕುಲದ ಹೆಸರು ಹಿಡಿದೇ ಕರೆಯುವುದು. ತವೆಂಗ್ವ ಸಿಂಹದ ಕುಲದವನು, ಹಾಗಾಗಿ ಶುಂಬ. ಜಿಲ್ಲಾ ಕೌನ್ಸಿಲಿನ ಬೇಟೆಗಾರ. ಹೊಲಕ್ಕೆ ನುಗ್ಗುವ ಆನೆ, ಕೊಟ್ಟಿಗೆಗೆ ಬರುವ ಸಿಂಹ, ನೀರಿಗಿಳಿದವರನ್ನು ಎಳೆಯುವ ಮೊಸಳೆ, ಹೀಗೆ ಜನರ ತಂಟೆಗೆ ಬಂದ ಪ್ರಾಣಿಯನ್ನು ಮುಗಿಸುವುದು ಅವನ ಕೆಲಸ. ಈ ಸಲದ್ದು ಒಂಟಿ ಕೋರೆಯ ಸಲಗ. ಮುಸುಕಿನ ಜೋಳ ತೆನೆ ಕಟ್ಟಿದ ದಿನದಿಂದ ಹೊಲ ಬಿಟ್ಟು ಕದಲಿರಲಿಲ್ಲ. ಯಾವನೋ ಪುಣ್ಯಾತ್ಮ ನಾಡಕೋವಿಯಲ್ಲಿ ಸೈಕಲ್ ಚೂರು ತುಂಬಿ ಅದರ ಭುಜಕ್ಕೆ ಹೊಡೆದ. ಅದು ಸಾಯಲಿಲ್ಲ, ಸಿಟ್ಟಿಗೆದ್ದಿತು. ಮಾರನೆಯ ಬೆಳಿಗ್ಗೆ ಹೊಲ ಕಾಯುತ್ತಿದ್ದ ಒಬ್ಬನನ್ನು ಅಟ್ಟಾಡಿಸಿ ತುಳಿದು, ನದಿಯ ಪಕ್ಕದ ಜೆಸ್ ಪೊದೆಗಳೊಳಗೆ ಸೇರಿಕೊಂಡಿತು. ಜೆಸ್ ಎಂದರೆ ಕೈ ಚಾಚಿದರೆ ಕೈ ಕಾಣದಷ್ಟು ಒತ್ತಾಗಿ ಹೆಣೆದುಕೊಂಡ ಕುರುಚಲು. ಈಗ ಮಳೆ ನಿಂತು ಎಲೆ ದಟ್ಟವಾಗಿದ್ದ ಕಾಲ ಬೇರೆ.

"ಚಿಕ್ಕದನ್ನೇ ಕೊಡು, ಸೆಕುರು," ಎಂದ ತವೆಂಗ್ವ.

ಚಿಕ್ಕದೆಂದರೆ ಮುನ್ನೂರ ಎಪ್ಪತ್ತೈದರ ಕೋವಿ. ಎಣ್ಣೆಬಟ್ಟೆ ಹೊದ್ದದ್ದು ನಾನೂರ ಐವತ್ತೆಂಟರದು. ಗುಂಡಿನ ದಪ್ಪದ ಲೆಕ್ಕ ಅದು, ಆದರೆ ಕೌನ್ಸಿಲಿನಲ್ಲಿ ಯಾರಿಗೂ ಅಷ್ಟುದ್ದ ಹೇಳುವ ವ್ಯವಧಾನ ಇರಲಿಲ್ಲ. ಒಂದು ಚಿಕ್ಕದು, ಒಂದು ದೊಡ್ಡದು.

"ಜೆಸ್ ಒಳಗೆ, ಗಾಯ ಆಗಿರೋ ಸಲಗದ ಹಿಂದೆ, ಚಿಕ್ಕದಾ?" ಮುದುಕ ನಗಲೂ ಇಲ್ಲ. "ಆ ಮೂಲೇಲಿ ಪೊರಕೆ ಇದೆ. ಅದನ್ನೂ ತಗೊಂಡು ಹೋಗು."

"ಚಿಕ್ಕದ್ರಲ್ಲಿ ಎಷ್ಟು ಆನೆ ಹೊಡೆದಿಲ್ಲ ನಾನು."

"ಹೊಡೆದಿದ್ದೀಯ. ಬಯಲಲ್ಲಿ, ಗಾಳಿ ನೋಡ್ಕೊಂಡು, ಅದು ಎಲೆ ತಿಂತಾ ನಿಂತಿದ್ದಾಗ. ಇದು ನಿಂತ್ಕೊಳ್ಳಲ್ಲ ಕಣಯ್ಯ. ಇದು ಬರುತ್ತೆ."

ಮುದುಕ ಹೇಳಿದ್ದು ತವೆಂಗ್ವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆನೆಯ ತಲೆಯೊಳಗೆ ಮಿದುಳು ಇರುವುದು ಒಂದು ಬ್ರೆಡ್ಡಿನಷ್ಟು ಜಾಗದಲ್ಲಿ, ಅದರ ಸುತ್ತ ಜೇನುಹುಟ್ಟಿನಂಥ ಮೂಳೆ. ಗುಂಡು ಮಿದುಳಿಗೆ ತಾಗಿದರೆ ಯಾವ ಕೋವಿಯಾದರೂ ಒಂದೇ. ಒಂದು ಗೇಣು ತಪ್ಪಿದರೆ ಒಂದೇ ಅಲ್ಲ. ಚಿಕ್ಕ ಕೋವಿಯ ಏಟಿಗೆ ಆನೆ ನೊಣ ಕೂತಂತೆ ತಲೆ ಕೊಡವಿ ಬರುತ್ತಲೇ ಇರುತ್ತದೆ. ದೊಡ್ಡದರ ಏಟಿಗೆ ಮಿದುಳು ತಪ್ಪಿದರೂ ಮಂಡಿಯೂರುತ್ತದೆ, ಎರಡನೆಯ ಗುಂಡಿಗೆ ಒಂದು ಉಸಿರಿನಷ್ಟು ಬಿಡುವು ಸಿಗುತ್ತದೆ. ಪೊದೆಯೊಳಗೆ ಆ ಒಂದು ಉಸಿರೇ ಜೀವ. ಅದೂ ಬೇಟೆಗಾರನದಲ್ಲ, ಅವನ ಮುಂದೆ ನೆಲ ನೋಡುತ್ತ ನಡೆಯುವ ಜಾಡುಗಾರನದು.

ಇಷ್ಟೆಲ್ಲ ಗೊತ್ತಿದ್ದೂ ತವೆಂಗ್ವ ಮೂರನೆಯ ಕೋವಿಯತ್ತ ಕೈ ತೋರಿಸಿದ. "ಹಾಗಾದ್ರೆ ಆ ಜೋಡಿನಳಿಗೆ ಕೊಡು."

ಅದು ದೇಶ ಬಿಟ್ಟು ಹೋದ ಯಾವನೋ ಬಿಳಿಯ ಬೇಟೆಗಾರನದು. ನೋಡಲು ಚೆಂದ, ತೂಕವೂ ಬೇಕಾದಷ್ಟು. ತೋಟಾಗಳು ಮಾತ್ರ ಹಿತ್ತಾಳೆಗೆ ಕಿಲುಬು ಹಿಡಿದು ಹಸಿರಾಗಿದ್ದವು. ಇಬ್ಬರೂ ಹೊರಗೆ ಹೋಗಿ ಬಾವೊಬಾಬ್ ಮರದ ಬುಡಕ್ಕೆ ಒಂದನ್ನು ಹೊಡೆದು ನೋಡಿದರು. ಟ್ರಿಗರ್ ಎಳೆದಾಗ ಟಿಕ್ಕೆಂದಿತು. ತವೆಂಗ್ವ ಉಸಿರು ಬಿಟ್ಟು, ಕೋವಿ ಇಳಿಸಬೇಕು ಎನ್ನುವಷ್ಟರಲ್ಲಿ ಢಮ್ಮೆಂದು ಹಾರಿ ಅವನ ಭುಜವನ್ನು ಹಿಂದಕ್ಕೆ ನೂಕಿತು. ಮೇಕೆಗಳು ಚೆಲ್ಲಾಪಿಲ್ಲಿಯಾದವು.

"ಆನೆಗೆ ಹೇಳಿಟ್ಟಿರ್ಬೇಕು," ಎಂದ ಮುದುಕ. "ಸ್ವಲ್ಪ ತಡಿಯಪ್ಪ, ಗುಂಡು ದಾರೀಲಿದೆ ಅಂತ."

ತವೆಂಗ್ವ ನಗದೆ ಕೋವಿ ಹೊತ್ತು ಒಳಗೆ ಬಂದ. ಉಳಿದದ್ದು ಎಣ್ಣೆಬಟ್ಟೆಯ ದೊಡ್ಡ ಕೋವಿಯೊಂದೇ ಎಂಬುದು ಅವನಿಗೆ ಬೆಳಿಗ್ಗೆ ಎದ್ದಾಗಲೇ ಗೊತ್ತಿತ್ತು.

ಆ ಕೋವಿ ಒಬ್ಬ ಮನುಷ್ಯನನ್ನು ಕೊಂದಿತ್ತು. ಹಾಗೆ ಹೇಳುವುದು ಊರಿನವರ ಸೌಜನ್ಯ. ಕೊಂದವನು ತವೆಂಗ್ವ. ಸತ್ತವನು ಮುಸೇಕಿವ, ಅವನ ಜಾಡುಗಾರ, ಅವನ ಗೆಳೆಯ, ಬಾಯಿ ಬಿಟ್ಟರೆ ತಮಾಷೆ ಮಾಡುತ್ತಿದ್ದ ಮನುಷ್ಯ. ಎರಡು ಮಳೆಗಾಲದ ಹಿಂದೆ ಒಂದು ದಿನ ಇಬ್ಬರೂ ಆನೆಯ ಹಿಂದೆ ಹೊರಟಿದ್ದರು. ಕೋವಿಯಲ್ಲಿ ತುಂಬಿದ್ದದ್ದು ಆನೆಗೆಂದೇ ಇರುವ ಗಟ್ಟಿ ಗುಂಡು, ಮೂತಿಯಿಂದ ಬುಡದವರೆಗೆ ಲೋಹ ಹೊದ್ದದ್ದು, ಮೂಳೆಗೆ ಬಗ್ಗದೆ ಕೊರೆದುಕೊಂಡು ಹೋಗುವಂಥದ್ದು. ದಾರಿಯಲ್ಲಿ ಉರುಳು ಬಿಗಿದು ರೊಚ್ಚಿಗೆದ್ದಿದ್ದ ಕಾಡೆಮ್ಮೆ ಎದ್ದಿತು. ಎಮ್ಮೆಗೆ ಮೆತ್ತನೆಯ ಗುಂಡು ಹಾಕಬೇಕು, ಸೀಸದ ಮೂತಿಯದು, ಹೊಕ್ಕಲ್ಲೇ ಅರಳಿ ಒಳಗೇ ಉಳಿಯುತ್ತದೆ. ಬದಲಾಯಿಸಲು ಸಮಯವೆಲ್ಲಿತ್ತು? ಎಮ್ಮೆ ಅಡ್ಡ ತಿರುಗಿತು, ತವೆಂಗ್ವ ಹೊಡೆದ. ಗುಂಡು ಎಮ್ಮೆಯನ್ನು ಹಾದು ಆಚೆ ಹೋಯಿತು. ಆಚೆಯ ಪೊದೆಯಲ್ಲಿ ಮುಸೇಕಿವ ಬಳಸಿಕೊಂಡು ಬರುತ್ತಿದ್ದ. ಎಮ್ಮೆ ಬಿದ್ದ ಖುಷಿಯಲ್ಲಿ ತವೆಂಗ್ವ ಅವನ ಹೆಸರು ಹಿಡಿದು ಕೂಗಿದ. ಉತ್ತರ ಬರಲಿಲ್ಲ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು, ಬೈಯುತ್ತ, ನಗುತ್ತ ಮತ್ತೆ ಮತ್ತೆ ಕೂಗಿದ.

ಪೊಲೀಸರು ಬಂದು ಹೋದರು, ಆಕಸ್ಮಿಕ ಎಂದರು. ತವೆಂಗ್ವನ ಮನೆಯವರು ಮುಸೇಕಿವನ ಮನೆಗೆ ಪರಿಹಾರದ ದನ ಹೊಡೆದುಕೊಂಡು ಹೋದರು, ಎರಡು ಕುಲದವರೂ ಒಂದೇ ಪಾತ್ರೆಯಿಂದ ಉಂಡರು. ಹಿರಿಯರು ಮುಗಿಯಿತೆಂದರು. ಮುಗಿಯಿತೆಂದು ಎಲ್ಲರೂ ಒಪ್ಪಿದ ಮೇಲೆ ತನ್ನೊಳಗೆ ಮುಗಿಯದವನು ಯಾರಿಗೆ ಹೇಳಿಕೊಳ್ಳಬೇಕು? ಅಂದಿನಿಂದ ತವೆಂಗ್ವ ಯಾವ ಪ್ರಾಣಿಗೆ ಗುರಿಯಿಟ್ಟರೂ ಪ್ರಾಣಿಯನ್ನು ನೋಡುವ ಮೊದಲು ಅದರ ಆಚೆ ನೋಡುತ್ತಿದ್ದ. ಆಚೆಯ ಎಲೆಗಳಲ್ಲಿ ಮುಸೇಕಿವನ ಮಾಸಿದ ಟೋಪಿ ಅಲ್ಲಾಡಿದಂತೆ ಅನಿಸುತ್ತಿತ್ತು. ಹಾಗೆ ನೋಡುತ್ತ ನಿಂತು ಒಂದು ಸಿಂಹವನ್ನು ಕೈತಪ್ಪಿಸಿಕೊಂಡಿದ್ದ. ಮನೆಯಲ್ಲಿ ಅವನು ನಿದ್ದೆಯಲ್ಲಿ ಬಾಯಿ ತೆರೆಯುತ್ತಿದ್ದುದನ್ನು ಹೆಂಡತಿ ನೋಡಿದ್ದಳು. ಯಾರನ್ನೋ ಕೂಗುವವನಂತೆ ಗಂಟಲು ಉಬ್ಬುತ್ತಿತ್ತು, ದನಿ ಮಾತ್ರ ಹೊರಡುತ್ತಿರಲಿಲ್ಲ.

"ಯಾವ್ದು ತಗೊಂಡೆ, ಶುಂಬ?"

ಬೆನ್ನ ಹಿಂದಿನಿಂದ ಬಂದ ದನಿಗೆ ತವೆಂಗ್ವನ ಮೈ ಜುಂ ಎಂದಿತು. ಪ್ರತಿ ಸಲವೂ ಹಾಗೇ ಆಗುತ್ತಿತ್ತು. ಅದೇ ದನಿ, ಕೊನೆಯ ಅಕ್ಷರವನ್ನು ಮೇಲಕ್ಕೆಳೆಯುವ ಅದೇ ರಾಗ. ಬಾಗಿಲಲ್ಲಿ ನಿಂತಿದ್ದವನು ಮುಸೇಕಿವನ ತಮ್ಮ ಜೈರೋಸ್.

ಜೈರೋಸ್ ಎಂದು ಅವನನ್ನು ಈಗ ಯಾರೂ ಕರೆಯುತ್ತಿರಲಿಲ್ಲ, ಕರೆಯುವಂತೆಯೂ ಇರಲಿಲ್ಲ. ವರ್ಷ ತಿರುಗಿದ ಮೇಲೆ ಸತ್ತವನನ್ನು ಕಾಡಿನಿಂದ ಮನೆಗೆ ಕರೆತರುವ ಶಾಸ್ತ್ರ ಮಾಡಿ, ಅವನ ಹೆಸರನ್ನು ಈ ತಮ್ಮನ ಮೇಲೆ ಇಟ್ಟಿದ್ದರು. ಆಮೇಲೆ ಆ ಹೆಸರು ಹೊತ್ತವನೇ ಸತ್ತವನೆಂದು ಲೆಕ್ಕ. ಅಣ್ಣನ ಮಕ್ಕಳು ಅವನನ್ನು ಬಾಬಾ, ಅಂದರೆ ಅಪ್ಪ, ಎಂದರು. ಅಣ್ಣನ ಸಾಲ, ಜಗಳ, ತಮಾಷೆ ಎಲ್ಲವೂ ಅವನವಾದವು. ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದವನು ಅಂಗಡಿ ಮುಚ್ಚಿ ಬಂದು ಜಾಡುಗಾರನ ಕೆಲಸಕ್ಕೂ ನಿಂತ, ಅದೂ ಹೆಸರಿನ ಜೊತೆಗೇ ಬಂದದ್ದು. ಊರೆಲ್ಲ ಅವನನ್ನು ಮುಸೇಕಿವ ಎನ್ನುತ್ತಿತ್ತು. ತವೆಂಗ್ವನೊಬ್ಬನಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಅವನು ಜೈರೋಸನನ್ನು ಸಮನ್ಯಾಂಗ ಎಂದು ಕರೆದು ಪಾರಾಗುತ್ತಿದ್ದ, ಆನೆಯ ಕುಲದವರನ್ನು ಕರೆಯುವ ಗೌರವದ ಹೆಸರು ಅದು. ಗೌರವ ಕೊಟ್ಟರೆ ತಪ್ಪು ಹುಡುಕುವವರು ಯಾರು?

"ಚಿಕ್ಕದು ತಗೊಳ್ತೀನಿ ಅಂತಿದ್ದಾನೆ," ಎಂದು ಮುದುಕ ಚಾಡಿ ಹೇಳಿದ.

ಜೈರೋಸ್ ಒಳಗೆ ಬಂದು ಮೂರೂ ಕೋವಿಗಳನ್ನು ನೋಡಿದ. "ಚಿಕ್ಕದಾದ್ರೆ ನಾನು ಮುಂದೆ ನಡಿಯಲ್ಲ."

"ಸಮನ್ಯಾಂಗ, ಕೋವಿ ವಿಷ್ಯ ನಂಗೆ ಬಿಡು."

"ಕೋವಿ ಇರೋದು ನನ್ನ ಬೆನ್ನ ಹಿಂದೆ. ಬೆನ್ನು ನಂದು. ಆನೆ ಬಂದ್ರೆ ನಿಲ್ಲಿಸೋದು ಯಾವ್ದೋ ಅದನ್ನ ತಗೋ." ಆಮೇಲೆ ದನಿ ತಗ್ಗಿಸಿದ. "ನಂಗೆ ಬಿದ್ದ ಏಟು ಅದ್ರದ್ದೇ ಅಂತ ಗೊತ್ತು. ಏಟು ತಿಂದೋನು ನಾನು. ನಂಗೇ ಪರವಾಗಿಲ್ಲ ಅಂದ್ಮೇಲೆ ನಿಂಗೇನಯ್ಯ?"

ಹೆಸರು ಹೊತ್ತವನು ತಾನೇ ಸತ್ತವನೆಂಬಂತೆ ಮಾತಾಡುವುದು ಅಲ್ಲಿ ಸಹಜ. ಮುದುಕ ತಲೆದೂಗಿದ. ತವೆಂಗ್ವ ಎಣ್ಣೆಬಟ್ಟೆ ಬಿಚ್ಚಿದ. ನಳಿಗೆ ತಣ್ಣಗಿತ್ತು. ಮರದ ಹಿಡಿಯ ಮೇಲೆ ಅವನದೇ ಹೆಬ್ಬೆರಳು ಸವೆಸಿದ ಜಾಗ ಹಾಗೇ ಇತ್ತು, ಕೈ ತನ್ನಷ್ಟಕ್ಕೆ ತಾನೇ ಅಲ್ಲಿಗೆ ಹೋಗಿ ಕೂತಿತು. ಅದು ಅವನಿಗೆ ಎಲ್ಲಕ್ಕಿಂತ ಅಸಹ್ಯವೆನಿಸಿತು.

ಜೈರೋಸ್ ಜೀಪಿಗೆ ನೀರು ತುಂಬಲು ಹೋದಾಗ ತವೆಂಗ್ವ ತೋಟಾಗಳ ಡಬ್ಬಿಗಳ ಮುಂದೆ ನಿಂತ. ಗಟ್ಟಿ ಗುಂಡಿನದೊಂದು ಡಬ್ಬಿ ಚೀಲಕ್ಕೆ ಹಾಕಿದ. ಮೆತ್ತನೆಯದನ್ನೂ ಹಾಕಿದ.

"ಆನೆಗೆ ಮೆತ್ತಂದ್ಯಾಕೆ?" ಎಂದ ಮುದುಕ.

"ದಾರೀಲಿ ಎಮ್ಮೆ ಸಿಕ್ಕಿದ್ರೆ."

ಮುದುಕ ಡಬ್ಬಿಗಳ ಲೆಕ್ಕ ಬರೆದುಕೊಂಡ. ಎಮ್ಮೆಯ ಮಾತು ಬಂದ ಮೇಲೆ ಅಲ್ಲಿ ಯಾರೂ ತವೆಂಗ್ವನಿಗೆ ಎದುರಾಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದ. ಜೀಪಿನ ಮರೆಯಲ್ಲಿ ನಿಂತು ಕೋವಿಗೆ ಅವನು ತುಂಬಿದ್ದು ಸೀಸದ ಮೂತಿಯವನ್ನೇ.

ಯಾಕೆಂದರೆ ಅವು ಆಚೆ ಹೋಗುವುದಿಲ್ಲ. ಅಷ್ಟೇ ಕಾರಣ. ಆನೆಯ ಮೂಳೆಗೆ ಬಡಿದು ಅಣಬೆಯಂತೆ ಅರಳಿ ಅಲ್ಲೇ ಸಾಯುತ್ತವೆ, ಮಿದುಳನ್ನು ಮುಟ್ಟುವುದೂ ಇಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ತವೆಂಗ್ವ ಅವನ ಕಪಾಳಕ್ಕೆ ಬಿಗಿದು ಕೆಲಸದಿಂದ ಓಡಿಸುತ್ತಿದ್ದ. ಆದರೆ ಭಯಕ್ಕೆ ತನ್ನದೇ ಒಂದು ಜಾಣತನ ಇರುತ್ತದೆ. ದೊಡ್ಡ ಕೋವಿಯ ಏಟು ದೊಡ್ಡ ಏಟೇ, ಹತ್ತಿರದಿಂದ ಹೊಡೆದರೆ ಹೇಗೋ ಬೀಳುತ್ತದೆ, ಎಂದು ಅದು ಅವನ ಕಿವಿಯಲ್ಲಿ ಪಿಸುಗುಟ್ಟಿತು. ಕೋವಿ ಜನರ ಇಷ್ಟದಂತಾಯಿತು, ಗುಂಡು ತನ್ನ ಇಷ್ಟದಂತಾಯಿತು ಎಂದುಕೊಂಡು ಅವನು ಜೀಪು ಹತ್ತಿದ.

ದಾರಿಯಲ್ಲಿ ಮುಚನೆತಳ ಹೊಲ ಸಿಕ್ಕಿತು. ಮುಚನೆತ ಸತ್ತ ಮುಸೇಕಿವನ ಹೆಂಡತಿ. ಸಲಗ ಅವಳ ಜೋಳವನ್ನೂ ಬಿಟ್ಟಿರಲಿಲ್ಲ, ಅರ್ಧ ಹೊಲ ನೆಲಕ್ಕೆ ಮಲಗಿತ್ತು. ಮುರಿದ ದಂಟಿನಲ್ಲಿ ಉಳಿದ ತೆನೆಗಳನ್ನು ಅವಳು ಬುಟ್ಟಿಗೆ ಬಿಡಿಸಿಕೊಳ್ಳುತ್ತಿದ್ದಳು. ಜೀಪು ನೋಡಿ ಕೈ ಒರೆಸಿಕೊಂಡು ಬಂದು, ಮಂಡಿ ಬಗ್ಗಿಸಿ, ಮೆಲ್ಲಗೆ ಚಪ್ಪಾಳೆ ತಟ್ಟಿ ನಮಸ್ಕರಿಸಿದಳು. ತವೆಂಗ್ವನೂ ಇಳಿದು, ಕೂತು ಚಪ್ಪಾಳೆ ತಟ್ಟಿದ. ಮಕ್ಕಳು "ಬಾಬಾ, ಬಾಬಾ" ಎಂದು ಜೈರೋಸನ ಕಾಲಿಗೆ ಜೋತುಬಿದ್ದು ಹೆಜ್ಜೆ ಗುರುತು ತೋರಿಸಲು ಎಳೆದುಕೊಂಡು ಹೋದವು.

ಅವಳು ಸೋರೆಬುರುಡೆಯಲ್ಲಿ ಹುಳಿಗಂಜಿ ತಂದುಕೊಟ್ಟಳು. ಅವಳ ಕಣ್ಣು ಜೀಪಿನ ಸೀಟಿಗೊರಗಿದ್ದ ಕೋವಿಯ ಮೇಲೆ ನಿಂತಿತು.

"ಹಳೇದನ್ನೇ ತಂದಿದ್ದೀಯ."

"ಬೇರೆ ಸಿಗ್ಲಿಲ್ಲ, ಅಮಾಯಿ. ನಿಮ್ಮ ಕಣ್ಣಿಗೆ ಬೀಳಬಾರ್ದಿತ್ತು," ಎಂದ ತವೆಂಗ್ವ. ಅಮಾಯಿ ಎಂದರೆ ತಾಯಿ.

"ಯಾಕೆ? ಕೋವಿ ಮೇಲೆ ಸಿಟ್ಟು ಮಾಡ್ಕೊಂಡು ಕೂತ್ರೆ ಈ ಆನೆ ನನ್ನ ಮಾತು ಕೇಳಿ ವಾಪಸ್ ಹೋಗುತ್ತಾ? ನಿನ್ನ ಮೇಲೆ ಬಂದಿತ್ತು ಸಿಟ್ಟು. ಬಂತು, ಅತ್ತೆ, ಬೈದೆ, ಹೋಯ್ತು." ಅವಳು ಒಂದು ತೆನೆಯ ಸಿಪ್ಪೆ ಸುಲಿದು ಬುಟ್ಟಿಗೆ ಹಾಕಿದಳು. "ಈಗ ಬರೋ ಸಿಟ್ಟು ಬೇರೆ."

ಅವಳು ಮಕ್ಕಳ ಜೊತೆಗಿದ್ದ ಜೈರೋಸನತ್ತ ಗದ್ದ ಎತ್ತಿ ತೋರಿಸಿದಳು.

"ಅವನ್ನ ಏನಂತ ಕರೀತೀಯ ನೀನು?"

"ಸಮನ್ಯಾಂಗ ಅಂತ. ಮರ್ಯಾದೆ ಕೊಟ್ಟೇ ಕರೀತೀನಿ."

"ಬೇಕಾದಷ್ಟು ಕೊಡ್ತೀಯ. ಬೆಣ್ಣೆ ಹಚ್ಚಿ ಹಚ್ಚಿ ಕೊಡ್ತೀಯ. ಹೆಸರು ಹಿಡಿದು ಒಂದಿನ ಕರೆದಿದ್ದೀಯಾ? ನನ್ನ ಮಕ್ಕಳು ಕರೀತವೆ, ನಾನು ಕರೀತೀನಿ, ಅಂಗಡಿಯೋರು ಕರೀತಾರೆ. ನೀನು ಕರ್ಯಲ್ಲ. ಎಲ್ರಿಗಿಂತ ಜಾಸ್ತಿ ಕರೀತಿದ್ದೋನು ನೀನು. ದಿನಾ ಬೆಳಿಗ್ಗೆ ಬೇಲಿ ಹೊರಗೆ ನಿಂತು ಊರೇ ಏಳೋ ಹಂಗೆ ಕಿರುಚ್ತಿದ್ದೆ." ಅವಳು ಬುಟ್ಟಿಯನ್ನು ಸೊಂಟಕ್ಕೇರಿಸಿದಳು. "ಬಿಯರ್ ಮಾಡಿ, ಡೋಲು ಬಡಿದು ಮನೆಗೆ ಕರ್ಕೊಂಡು ಬಂದ್ವಿ. ಕರೆಯೋರು ಕರ್ದಿಲ್ಲ ಅಂದ್ರೆ ಅವನು ಅರ್ಧ ಇನ್ನೂ ಆ ಪೊದೇಲೇ ಇರ್ತಾನೆ, ಶುಂಬ."

ತವೆಂಗ್ವ ಗಂಜಿಯ ಬುರುಡೆ ಕೆಳಗಿಟ್ಟ. ಎದ್ದು ಚಪ್ಪಾಳೆ ತಟ್ಟಿ ಹೊರಟ.

ಜಾಡು ಹೊಲದಿಂದ ನದಿಯ ಕಡೆಗೆ ಹೋಗಿತ್ತು. ಗಾಯದ ಭುಜದಿಂದಾಗಿ ಮುಂಗಾಲೊಂದನ್ನು ಎಳೆದ ಗುರುತು, ಅಲ್ಲಲ್ಲಿ ಎಲೆಯ ಮೇಲೆ ಒಣಗಿದ ಕೀವು. ಜೈರೋಸ್ ಮುಂದೆ, ತವೆಂಗ್ವ ಹಿಂದೆ. ರೇಡಿಯೊ ಬಿಚ್ಚುತ್ತಿದ್ದ ಕೈ ಈಗ ಹುಲ್ಲುಕಡ್ಡಿಯನ್ನು ಅಷ್ಟೇ ಜೋಪಾನವಾಗಿ ಸರಿಸುತ್ತಿತ್ತು. ಅವನು ಜಾಡು ನೋಡುವುದನ್ನು ಚೆನ್ನಾಗಿಯೇ ಕಲಿತಿದ್ದ. ಹೋಗುತ್ತ ಹೋಗುತ್ತ ಆನೆಯ ಹೆಜ್ಜೆಗೆ ಕ್ಷಮೆ ಕೇಳುವಂತೆ ಏನೋ ಗೊಣಗುತ್ತಿದ್ದ. ಕುಲದ ಪ್ರಾಣಿ, ಅದರ ಮಾಂಸವನ್ನು ಅವನ ಮನೆಯಲ್ಲಿ ಮುಟ್ಟುವವರಿಲ್ಲ.

"ನಿನ್ನ ನೆಂಟರಿಗೆ ಏನು ಹೇಳ್ತಿದ್ದೀಯ?" ಎಂದ ತವೆಂಗ್ವ.

"ನಿನ್ನ ವಿಳಾಸ ಕೊಡ್ತಿದ್ದೀನಿ."

ಜೆಸ್ ಎದುರಾದಾಗ ಇಬ್ಬರೂ ನಿಂತರು. ಹಸಿರು ಗೋಡೆಯಂತಿತ್ತು, ಆನೆ ನುಗ್ಗಿದ ಒಂದೇ ಒಂದು ಕಂಡಿ. ಒಳಗಿನಿಂದ ಬಿಸಿಗಾಳಿ, ಆನೆಯ ವಾಸನೆ. ಜೈರೋಸ್ ತಿರುಗಿ ಕೈ ಚಾಚಿದ.

"ತೋರಿಸು."

ಆ ಕಣಿವೆಯಲ್ಲಿ ಅದೊಂದು ಪದ್ಧತಿ. ಪೊದೆಗೆ ಹೊಗುವ ಮೊದಲು ಬೇಟೆಗಾರ ಕೋವಿಯ ಅಗುಳಿಯಾದ ಬೋಲ್ಟ್ ಎಳೆದು ಒಳಗಿರುವ ತೋಟಾವನ್ನು ಜಾಡುಗಾರನಿಗೆ ತೋರಿಸಬೇಕು. ಮುಂದೆ ನಡೆಯುವವನಿಗೆ ತನ್ನ ಬೆನ್ನ ಹಿಂದೆ ಇರುವುದೇನೆಂದು ನೋಡುವ ಹಕ್ಕಿದೆ. ಅವನು ಬೇಡವೆಂದರೆ ಬೇಡ. ಮುಸೇಕಿವ ಇದನ್ನು ಯಾವತ್ತೂ ಬಿಟ್ಟವನಲ್ಲ. ಬಗ್ಗಿ, ಬೆರಳಿನಿಂದ ಗುಂಡಿನ ಮೂತಿ ಮುಟ್ಟಿ, ಸಂತೆಯಲ್ಲಿ ಮೀನು ನೋಡುವ ಹೆಂಗಸಿನಂತೆ ಮೂಗು ಮುರಿದು, ಆಮೇಲೇ ಹೂಂ ಎನ್ನುತ್ತಿದ್ದ.

ತವೆಂಗ್ವ ಬೋಲ್ಟ್ ಎಳೆದ. ಹಿತ್ತಾಳೆಯ ತುದಿಯಲ್ಲಿ ಸೀಸದ ಬೂದು ಮೂತಿ ಎದ್ದು ಕಾಣುತ್ತಿತ್ತು. ಕುರುಡನಿಗೂ ತಿಳಿಯುವಂತಿತ್ತು. ಜೈರೋಸ್ ಬಗ್ಗಿದ. ಅಣ್ಣನಂತೆಯೇ ತೋರುಬೆರಳಿನಿಂದ ಮುಟ್ಟಿದ. ತವೆಂಗ್ವ ಕಾದ. ಬೈ ನನ್ನನ್ನ, ಎಂದು ಅವನ ಒಳಗೊಂದು ದನಿ ಅಂಗಲಾಚಿತು. ತಲೆ ಕೆಟ್ಟಿದೆಯೇನೋ ನಿಂಗೆ, ಆನೆಗೆ ಎಮ್ಮೆ ಗುಂಡು ತಂದಿದ್ದೀಯಲ್ಲೋ, ಅಂತ ಊರಿಗೆಲ್ಲ ಕೇಳೋ ಹಾಗೆ ಬೈ. 

"ಸರಿ," ಎಂದ ಜೈರೋಸ್. ಬೆನ್ನು ತಿರುಗಿಸಿ ಕಂಡಿಯತ್ತ ಹೆಜ್ಜೆ ಇಟ್ಟ.

ತವೆಂಗ್ವ ನಿಂತಲ್ಲೇ ನಿಂತ. ಇವನಿಗೆ ಗೊತ್ತಿಲ್ಲ. ಬೆರಳಿಡುವುದನ್ನು ಕಲಿತಿದ್ದಾನೆ, ಯಾತಕ್ಕೆ ಇಡುವುದೆಂದು ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾಗಿದ್ದವನು ತಾನು, ಮುಖ ನೋಡಲಾಗದೆ, ಹೆಸರು ಹೇಳಲಾಗದೆ ತಪ್ಪಿಸಿಕೊಂಡು ಓಡಾಡಿದವನು. ಎದುರಿಗೆ ಒಂದು ಬೆನ್ನು ಕಾಣುತ್ತಿತ್ತು, ಬೆವರಿಗೆ ಅಂಗಿ ಅಂಟಿಕೊಂಡಿದ್ದ, ಉಸಿರಾಡುತ್ತಿದ್ದ ಬೆನ್ನು. ಎರಡು ಮಳೆಗಾಲದಿಂದ ತಾನು ಕಾಪಾಡುತ್ತಿರುವುದು ಸತ್ತವನನ್ನು, ಸಾಯಿಸಲು ಕರೆದೊಯ್ಯುತ್ತಿರುವುದು ಬದುಕಿರುವವನನ್ನು. ಅವನಿಗೆ ನಾಚಿಕೆಯಾಯಿತು.

"ನಿಲ್ಲು."

ಅವನು ಗುಂಡುಗಳನ್ನೆಲ್ಲ ಒಂದೊಂದಾಗಿ ಹೊರಗೆ ಕಕ್ಕಿಸಿ ಪೊದೆಯತ್ತ ಎಸೆದ. ಚೀಲದಿಂದ ಗಟ್ಟಿ ಗುಂಡು ತೆಗೆದು ತುಂಬತೊಡಗಿದ. ಅವಸರಕ್ಕೆ ಒಂದು ತೋಟಾ ಕೆಳಗೆ ಬಿತ್ತು. ಜೈರೋಸ್ ಅದನ್ನು ಎತ್ತಿಕೊಟ್ಟ.

"ಏನಾಯ್ತು?"

"ತಪ್ಪು ಗುಂಡು ಹಾಕಿದ್ದೆ."

"ನಾನು ನೋಡಿ ಸರಿ ಅಂದ್ನಲ್ಲ?"

"ನಿಂಗೆ ಗೊತ್ತಿರ್ಲಿಲ್ಲ. ಇಲ್ಲಿ ನೋಡು. ಇದ್ರ ಮೂತಿ ಪೂರ್ತಿ ಲೋಹ, ದುಂಡಗೆ. ಇದು ಆನೆಗೆ. ಬೂದು ಮೂತಿ ಕಂಡ್ರೆ ಬೇಡ ಅನ್ನು. ನಾನು ಹಾಕಿದ್ರೂ ಬೇಡ ಅನ್ನು. ಒದ್ದು ವಾಪಸ್ ಕಳಿಸು."

ಜೈರೋಸ್ ಗುಂಡುಗಳು ಹೋಗಿ ಬಿದ್ದ ಕಡೆ ಒಮ್ಮೆ ನೋಡಿದ. ಎಲ್ಲ ಅರ್ಥವಾಗದಿದ್ದರೂ ಏನೋ ಅರ್ಥವಾಗಿತ್ತು. ಆಮೇಲೆ ತುಟಿಯ ಒಂದು ಕಡೆ ನಕ್ಕ.

"ಸತ್ತೋನಿಗೆ ಎಲ್ಲಾ ಗೊತ್ತಿರುತ್ತೆ ಅಂದ್ಕೊಂಡಿದ್ಯಾ?"

"ಹೂಂ," ಎಂದ ತವೆಂಗ್ವ. "ಹಂಗೇ ಅಂದ್ಕೊಂಡಿದ್ದೆ."

ಜೈರೋಸ್ ಮತ್ತೆ ಕೈ ಚಾಚಿದ. ತವೆಂಗ್ವ ಮತ್ತೆ ಬೋಲ್ಟ್ ಎಳೆದು ತೋರಿಸಿದ. ಈ ಸಲ ಅವನು ದುಂಡು ಮೂತಿಯನ್ನು ಬಹಳ ಹೊತ್ತು ಮುಟ್ಟಿ ನೋಡಿದ. ಅಣ್ಣನನ್ನು ಹಾದು ಹೋದದ್ದು ಇಂಥದ್ದೇ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ಸರಿ ಎಂದು ತಲೆಯಾಡಿಸಿ ಒಳಗೆ ಹೊಕ್ಕ.

ಒಳಗೆ ಬೆಳಕು ಹಸಿರಾಗಿತ್ತು. ಮುಳ್ಳು ಅಂಗಿಗೆ ಸಿಕ್ಕುತ್ತಿತ್ತು, ಬಿಡಿಸಿದರೆ ಸದ್ದಾಗುತ್ತಿತ್ತು. ನೊಣಗಳು ಕಣ್ಣಿನ ಮೂಲೆಯಲ್ಲಿ ಕೂರುತ್ತಿದ್ದವು, ಓಡಿಸುವಂತಿರಲಿಲ್ಲ. ಕೈಯಲ್ಲಿದ್ದ ಕೋವಿ ಈಗ ಪೂರ್ತಿ ಆ ದಿನದ ಕೋವಿಯೇ. ಅದೇ ನಳಿಗೆ, ಅಂಥದೇ ಗುಂಡು, ಮುಂದೆ ಅಂಥದೇ ಬೆನ್ನು. ತವೆಂಗ್ವನ ಕಣ್ಣು ಎಲೆಗಳ ಆಚೆ ಮಾಸಿದ ಟೋಪಿಯನ್ನು ಹುಡುಕತೊಡಗಿತು. ಹುಡುಕಬೇಡ ಎಂದು ತನ್ನನ್ನೇ ಗದರಿಸಿಕೊಂಡ. ಆಗ ಗಾಳಿ ತಿರುಗಿ ಅವನ ಕತ್ತಿಗೆ ತಣ್ಣಗೆ ತಾಗಿ, ಅವರ ವಾಸನೆಯನ್ನು ಮುಂದಕ್ಕೆ ಒಯ್ದಿತು.

ಪೊದೆ ಮುರಿದ ಸದ್ದು ಮೊದಲು, ಕಿರುಚಾಟ ಆಮೇಲೆ. ಸಲಗ ಎಲ್ಲಿಂದಲೋ ಬಂದದ್ದಲ್ಲ, ಅಲ್ಲೇ ನಿಂತಿತ್ತು, ಅವರು ನೆರಳೆಂದುಕೊಂಡದ್ದೇ ಅದು. ತಲೆ ಎತ್ತಿ, ಕಿವಿ ಬಿಚ್ಚಿ, ಗಿಡಗಳನ್ನು ಹುಲ್ಲಿನಂತೆ ಮಡಚುತ್ತ ಬಂತು. ಜೈರೋಸ್ ಎಡಕ್ಕೆ ಹಾರಿದ. ಎಲೆಗಳು ಅವನನ್ನು ನುಂಗಿದವು. ತವೆಂಗ್ವ ಕೋವಿ ಎತ್ತಿದ. ಎತ್ತಿದ ಕೋವಿಯ ಗುರಿಯಲ್ಲಿ ಆನೆಯ ಹಣೆ ಇತ್ತು, ಆದರೆ ಕಣ್ಣು ಹಣೆಯ ಆಚೆ ಹೋಯಿತು. ಅವನೆಲ್ಲಿ? ಎಡಕ್ಕೆ ಹಾರಿದ್ದನ್ನು ನೋಡಿದ್ದ. ನಿಜವಾಗಿಯೂ ನೋಡಿದ್ದೆನೇ? ಆನೆಯ ಸೊಂಡಿಲು ಸುರುಳಿಯಾಗಿ ಎದೆಗೆ ಸೇರಿತು. ನೋಡಿದ್ದೇನೆ, ಎಂದು ತವೆಂಗ್ವ ನಂಬಿದ. ನಂಬುವುದಕ್ಕೆ ಅವನಲ್ಲಿದ್ದ ಬಲವನ್ನೆಲ್ಲ ಹಾಕಬೇಕಾಯಿತು. ಟ್ರಿಗರ್ ಎಳೆದ.

ಆನೆಯ ಹಿಂಗಾಲುಗಳು ಮೊದಲು ಕುಸಿದವು. ತಲೆ ಆಕಾಶಕ್ಕೆ ಎದ್ದು, ಆಮೇಲೆ ಇಡೀ ದೇಹ ಮಣ್ಣಿನ ಗೋಡೆಯಂತೆ ಕೂತಿತು. ನೆಲ ನಡುಗಿತು. ಧೂಳು ಎದ್ದಿತು. ಅವನು ಬೋಲ್ಟ್ ಎಳೆದು ಕಿವಿಯ ಹಿಂದೆ ಇನ್ನೊಂದು ಹೊಡೆದ. ಆಮೇಲೆ ಏನೂ ಕೇಳಿಸಲಿಲ್ಲ. ಹಕ್ಕಿಯೂ ಇಲ್ಲ, ನೊಣವೂ ಇಲ್ಲ.

"ಸಮನ್ಯಾಂಗ!" ಎಂದು ಕರೆದ.

ಎಲೆಗಳು ಅಲ್ಲಾಡಲಿಲ್ಲ.

"ಸಮನ್ಯಾಂಗ! ಎಲ್ಲಿದ್ದೀಯ?"

ಧೂಳು ಮೆಲ್ಲಗೆ ಇಳಿಯುತ್ತಿತ್ತು. ಎಡಕ್ಕೆ ನೋಡಿದ, ಪೊದೆ. ಬಲಕ್ಕೆ ನೋಡಿದ, ಪೊದೆ. ಆನೆಯ ಆಚೆ ನೋಡುವ ಧೈರ್ಯ ಬರಲಿಲ್ಲ.

"ಜೈರೋಸ್!" ಎಂದ. ಕರೆಯಬಾರದ ಹೆಸರು, ಮುಗಿದುಹೋದ ಹೆಸರು. ಅದು ಗಾಳಿಯಲ್ಲಿ ಸುಮ್ಮನೆ ಹೋಯಿತು, ಅದಕ್ಕೆ ಯಾರೂ ವಾರಸುದಾರರಿರಲಿಲ್ಲ.

ಕೋವಿಯ ತೂಕ ತಾಳಲಾರದೆ ಅವನ ಕೈ ಇಳಿಯಿತು. ಹೀಗೇ ನಿಂತಿದ್ದ ಆವತ್ತೂ. ಹೀಗೇ ಧೂಳು ಇಳಿದಿತ್ತು. ಇನ್ನು ಕರೆಯಲು ಉಳಿದಿದ್ದದ್ದು ಒಂದೇ ಹೆಸರು, ಅದನ್ನು ಕರೆದು ಉತ್ತರ ಬಾರದಿದ್ದರೆ ಈ ಪೊದೆಯಿಂದ ತಾನು ಹೊರಗೆ ಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಬಾಯಿ ತೆರೆದ. ದನಿ ಬರಲಿಲ್ಲ. ಮತ್ತೆ ತೆರೆದ. ಗಂಟಲು ಹರಿದುಕೊಂಡು ಬಂತು.

"ಮುಸೇಕಿವಾ!"

ಕಾಡು ಕೇಳಿಸಿಕೊಂಡಿತು.

"ಮುಸೇಕಿವಾ!"

"ಓ!" ಎಂದಿತು ಪೊದೆ. ಅದೇ ದನಿ, ಕೊನೆಯನ್ನು ಮೇಲಕ್ಕೆಳೆಯುವ ಅದೇ ರಾಗ. "ಬಂದೆ ಕಣಯ್ಯಾ, ಯಾಕೆ ಹಂಗೆ ಕಿರುಚ್ತೀಯ?"

ಎಡಗಡೆಯ ಮುಳ್ಳುಗಳು ಅಲ್ಲಾಡಿದವು. ಮೈಯೆಲ್ಲ ಗೀರಿಸಿಕೊಂಡು, ಬಾಯಿ ತುಂಬ ಧೂಳು ಉಗುಳುತ್ತ, ಒಂದು ಕಿವಿಗೆ ಬೆರಳು ಹಾಕಿ ಅಲ್ಲಾಡಿಸುತ್ತ ಅವನು ತೆವಳಿಕೊಂಡು ಹೊರಗೆ ಬಂದ. ಮೊದಲ ಕರೆಗಳು ಅವನಿಗೆ ಕೇಳಿಸಿರಲಿಲ್ಲವೋ, ಕೇಳಿಸಿಯೂ ಅವು ತನ್ನವಲ್ಲವೆಂದು ಸುಮ್ಮನಿದ್ದನೋ, ತವೆಂಗ್ವ ಕೇಳಲಿಲ್ಲ. ಕೋವಿಯನ್ನು ಆನೆಯ ಕಾಲಿಗೊರಗಿಸಿ ನೆಲದ ಮೇಲೆ ಕುಸಿದು ಕೂತ. ಮಗುವಿನಂತೆ ಅಳು ಬರುತ್ತಿತ್ತು, ಬರಲೆಂದು ಬಿಟ್ಟ. ಎದುರಿಗೇ ನಿಂತಿದ್ದವನನ್ನು ಮತ್ತೊಮ್ಮೆ ಹೆಸರು ಹಿಡಿದು ಕರೆದ.

"ಇಲ್ಲೇ ಇದ್ದೀನಲ್ಲ," ಎಂದ ಮುಸೇಕಿವ.